ಕುದುರೆಮುಖಕ್ಕೆ ಹಿತ್ತಿಲ ದಾರಿ

ಬೆಳ್ತಂಗಡಿ ಕಡೆಯಿಂದ ನೋಡಿದರೆ ಕುದುರೆಮುಖ ಕಣ್ಣೆದುರೇ ಇದೆ. ತೋಟದ ಅಡಿಕೆ ಮರಗಳ ಹಿಂದೆ ಎದ್ದು ನಿಂತ ದೊಡ್ಡ ಗೋಡೆ ಅದು. ಹಿಂದಿನ ಕಾಲದಲ್ಲಿ ಸಮುದ್ರದಲ್ಲಿ ಹಡಗಿನವರು ನಮ್ಮ ಕರಾವಳಿಯ ಗುರುತು ಹಿಡಿಯುತ್ತಿದ್ದದ್ದೂ ಇದೇ ಬೆಟ್ಟದಿಂದ. ಹೀಗೆ ನಮ್ಮ ಕಡೆಗೇ ಮುಖ ಮಾಡಿ ನಿಂತ ಬೆಟ್ಟವನ್ನು ಹತ್ತಬೇಕು ಅಂದರೆ ಮಾತ್ರ ಸುತ್ತು ಹಾಕಿ ಚಿಕ್ಕಮಗಳೂರು ಜಿಲ್ಲೆಗೆ ಹೋಗಬೇಕು. ಎದುರು ಬಾಗಿಲಿಗೆ ಬೀಗ, ಹಿತ್ತಿಲಿನಿಂದ ಬನ್ನಿ ಅಂದ ಹಾಗೆ.

ಹಾಗಾಗಿ ಅಕ್ಟೋಬರಿನಲ್ಲಿ, ನವರಾತ್ರಿಯ ಗಲಾಟೆ ಮುಗಿದ ಮೇಲೆ, ನಾನು ಮತ್ತು ತಂಗಿ ಮಗ ಹಿತ್ತಿಲ ದಾರಿ ಹಿಡಿದೆವು. ಮಂಗಳೂರು ಬದಿಯ ನಮ್ಮೂರು ಕುಳಾಯಿಯಿಂದ ಪಡುಬಿದ್ರಿ, ಬೆಳ್ಮಣ್, ಕಾರ್ಕಳ, ಬಜಗೋಳಿ. ಬಜಗೋಳಿಯಲ್ಲಿ ಬನ್ಸ್ ಕಟ್ಟಿಸಿಕೊಂಡದ್ದು ಬಿಟ್ಟರೆ ಅಲ್ಲಿವರೆಗೆ ಹೇಳುವಂಥದ್ದೇನಿಲ್ಲ. ಮಾಳ ದಾಟಿದ ಮೇಲೆ ಘಾಟಿ, ಗೇಟು. ಅಲ್ಲಿ ಕೊಡುವ ಚೀಟಿಯಲ್ಲಿ ಸಮಯ ಬರೆದಿರುತ್ತಾರೆ. ಇಷ್ಟು ಹೊತ್ತಿನೊಳಗೆ ರಾಷ್ಟ್ರೀಯ ಉದ್ಯಾನ ದಾಟಬೇಕು, ನಡುವೆ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾ ಕೂರುವ ಹಾಗಿಲ್ಲ. ಹುಡುಗನಿಗೆ ಬೇಜಾರು. ನನಗೆ ಖುಷಿ. ಆ ರಸ್ತೆಯಲ್ಲಿ ಚಿಪ್ಸ್ ಹಿಡಿದು ಮಂಗಗಳನ್ನು ಕರೆಯುವವರನ್ನು ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಎಸ್.ಕೆ. ಬಾರ್ಡರಿನಲ್ಲಿ ಎಡಕ್ಕೆ ಶೃಂಗೇರಿ, ಬಲಕ್ಕೆ ನಮ್ಮ ದಾರಿ. ಹಳೆ ಸೌತ್ ಕೆನರಾ ಜಿಲ್ಲೆಯ ಹೆಸರು ಆ ಒಂದು ತಿರುವಿನಲ್ಲಿ ಇನ್ನೂ ಉಳಿದುಕೊಂಡಿದೆ.

ಮುಂದೆ ಕುದುರೆಮುಖ ಟೌನ್‌ಶಿಪ್, ಕಬ್ಬಿಣದ ಗಣಿಯವರಿಗಾಗಿ ಕಟ್ಟಿದ ಊರು. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು.

ಅಪ್ಪ ಮಂಗಳೂರು ಬಂದರಿನ ಪಕ್ಕದ ಪಣಂಬೂರಿನಲ್ಲಿ, ಅದಿರಿನ ಹುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಪ್ಲಾಂಟಿನಲ್ಲಿ ಫಿಟ್ಟರ್ ಆಗಿದ್ದರು. ಈ ಬೆಟ್ಟಗಳಲ್ಲಿ ಅಗೆದ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣ ಕಡಿಮೆ, ನೂರಕ್ಕೆ 38ರಷ್ಟು. ಅದನ್ನು ಇಲ್ಲೇ ಅರೆದು, ಬೇರ್ಪಡಿಸಿ, 67ಕ್ಕೆ ಏರಿಸಿ, ನೀರಿನಲ್ಲಿ ಕಲಸಿ ಪೈಪಿಗೆ ಬಿಡುತ್ತಿದ್ದರು. ಆ ಪೈಪು ಘಾಟಿ ಇಳಿದು ಸುಮಾರು 67 ಕಿ.ಮೀ. ದೂರ ಬಂದು ಪಣಂಬೂರು ಮುಟ್ಟುತ್ತಿತ್ತು. ಉಳಿದ ಕೆಸರು ಲಕ್ಯ ಅಣೆಕಟ್ಟಿನ ಹಿಂದೆ. ಅಣೆಕಟ್ಟು ಸುಮಾರು 100 ಮೀಟರ್ ಎತ್ತರ, ಅದರ ಹಿಂದೆ ತುಂಬಿದ್ದೆಲ್ಲ ಬೆಟ್ಟದ್ದೇ ಹುಡಿ. ನಮ್ಮ ಮನೆಗೆ ಬರುತ್ತಿದ್ದದ್ದು ಅಪ್ಪನ ಪ್ಯಾಂಟಿನ ಮಡಿಕೆಯಲ್ಲಿ ಉಳಿದ ಚೂರು. ಕಪ್ಪು, ಬಲು ನುಣ್ಣಗೆ, ಕೈಯಲ್ಲಿ ಹಿಡಿದರೆ ಭಾರ. ಪೇಪರಿನ ಮೇಲೆ ಹರಡಿ ಕೆಳಗಿನಿಂದ ಹಳೆ ರೇಡಿಯೋ ಸ್ಪೀಕರಿನ ಅಯಸ್ಕಾಂತ ಸರಿಸಿದರೆ ಅದು ಮುಳ್ಳು ಮುಳ್ಳಾಗಿ ಎದ್ದು ನಡೆಯುತ್ತಿತ್ತು. ತಂಗಿಗೂ ನನಗೂ ಬೇಸಿಗೆ ರಜೆಯಲ್ಲಿ ಅದೇ ಆಟ. ಅಮ್ಮ ಮಾತ್ರ ಒಗೆಯುವ ಕಲ್ಲಿನ ಮೇಲಿನ ಕಪ್ಪು ಕಲೆ ಹೋಗುವುದಿಲ್ಲ ಅಂತ ಗೊಣಗುತ್ತಿದ್ದರು.

ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಂದರೆ, ನಾನು ಬೆಟ್ಟ ಹತ್ತುವುದಕ್ಕೆ ಎಷ್ಟೋ ವರ್ಷ ಮೊದಲೇ ಬೆಟ್ಟ ನಮ್ಮ ಮನೆಗೆ ಬಂದಿತ್ತು. ಗಣಿ ನಿಂತದ್ದು ಒಳ್ಳೆಯದಾಯಿತು ಅಂತಲೇ ನನ್ನ ಅಭಿಪ್ರಾಯ. ಅಪ್ಪನ ಎದುರು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ, ಅಷ್ಟೇ. ನಮ್ಮ ಫೀಸು ಕಟ್ಟಿದ್ದು ಆ ಹುಡಿ ತಾನೇ.

ಸಂಸೆಗೆ ಮೊದಲೇ ಮುಖ್ಯ ರಸ್ತೆ ಬಿಟ್ಟರೆ, ಚಾರಣ ಶುರುವಾಗುವ ಮುಳ್ಳೋಡಿವರೆಗೆ ಜೀಪು. ಅದು ರಸ್ತೆ ಅಂತ ಹೇಳಿದವರು ಧೈರ್ಯವಂತರು. ರಾತ್ರಿ ಹೋಂಸ್ಟೇಯಲ್ಲಿ ಕಡುಬು, ಬಚ್ಚಲ ಹಂಡೆಯ ಬಿಸಿನೀರು, ಎರಡು ಕಂಬಳಿ. ಬೆಳಿಗ್ಗೆ ಬೇಗ ಹೊರಡಬೇಕು, ಯಾಕೆಂದರೆ ಹೋಗಿ ಬರಲು ಸುಮಾರು 20 ಕಿ.ಮೀ. ಇದೆ, ಮೇಲೆ ಉಳಿಯಲು ಬಿಡುವುದಿಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಆನ್‌ಲೈನಿನಲ್ಲಿ ಮಾಡಿಸಿಕೊಳ್ಳಬೇಕು. ಗೈಡ್ ಜೊತೆಗಿರಬೇಕು. ನಮ್ಮ ಗೈಡ್ ಅದೇ ಊರಿನ ಹುಡುಗ, ಕಾಲಿಗೆ ಬರೀ ರಬ್ಬರ್ ಚಪ್ಪಲಿ. ತಂಗಿ ಮಗನ ದುಬಾರಿ ಶೂ ನೋಡಿ ಏನೂ ಹೇಳಲಿಲ್ಲ, ಸುಮ್ನೆ ನಕ್ಕ.

ಮೊದಲ ಒಂದು ಗಂಟೆ ಉಂಬಳದ, ಅಂದರೆ ಕಾಡಿನ ಜಿಗಣೆಯ, ರಾಜ್ಯ. ಮಳೆ ಕಡಿಮೆಯಾಗಿದ್ದರೂ ಒದ್ದೆ ಎಲೆಗಳ ಮೇಲೆ ನೂಲಿನಷ್ಟು ತೆಳ್ಳಗಿನವು ತಲೆ ಎತ್ತಿ ಕಾಯುತ್ತಿದ್ದವು. ಅಮ್ಮನ ಎಲೆಅಡಿಕೆ ಡಬ್ಬದಿಂದ ಸುಣ್ಣ, ಹೊಗೆಸೊಪ್ಪು ತಂದಿದ್ದೆ. ನೀರಿನಲ್ಲಿ ಕಲಸಿ ಸಾಕ್ಸಿಗೆ ಹಚ್ಚಿಕೊಂಡೆವು. ಅಂಗಡಿಯಲ್ಲಿ ಸಿಗುವ ಸ್ಪ್ರೇಗಿಂತ ಇದೇ ವಾಸಿ, ವಾಸನೆ ತಡೆದುಕೊಳ್ಳುವುದಾದರೆ. ಒಂಟಿಮರದ ಹತ್ತಿರ ಬಂದಾಗ ಬಿಸಿಲು ಬಂತು, ಉಂಬಳದ ಕಾಟ ಮುಗಿಯಿತು, ಏರು ಶುರುವಾಯಿತು.

ಕುದುರೆಮುಖದ ಎತ್ತರ 1894 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ, 1930. ಆದರೆ ಅಲ್ಲಿ ಕಾರು ಹೆಚ್ಚುಕಡಿಮೆ ತಲೆವರೆಗೆ ಹೋಗುತ್ತದೆ. ಇಲ್ಲಿ ಒಂದೊಂದು ಮೀಟರಿಗೂ ಮೊಣಕಾಲು ಲೆಕ್ಕ ಕೇಳುತ್ತದೆ. ಎಲ್ಲರೂ ತುದಿಯ ಫೋಟೋ ಹಾಕುತ್ತಾರೆ. ನನ್ನನ್ನು ಕೇಳಿದರೆ ನಡುವಿನ ದಾರಿಯೇ ಚಂದ. ಗುಡ್ಡದ ಬೆನ್ನಿಡೀ ಸೊಂಟದವರೆಗಿನ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ಹುಲ್ಲು ಮುಗಿದಲ್ಲಿ ಥಟ್ಟನೆ ಕಾಡು ಶುರು, ನಡುವೆ ಪೊದೆ ಗಿದೆ ಏನೂ ಇಲ್ಲ. ಒಳಗೆ ಕಾಲಿಟ್ಟ ಕೂಡಲೇ ಬೆನ್ನಿನ ಬೆವರು ತಣ್ಣಗಾಗುತ್ತದೆ. ಮರಗಳು ಕುಳ್ಳು, ಸೊಟ್ಟ. ಕೊಂಬೆಯಿಂದ ಬುಡದವರೆಗೆ ಪಾಚಿ. ಒಂದು ಕಾಂಡಕ್ಕೆ ಅಂಗೈ ಇಟ್ಟು ಒತ್ತಿದೆ. ಪಾಚಿಯಿಂದ ನೀರು ಹೊರಟು ಮಣಿಕಟ್ಟಿನ ಮೇಲೆ ಹರಿದು ತೋಳಿನೊಳಗೆ ಇಳಿಯಿತು. ಮೂರು ದಿನದಿಂದ ಮಳೆ ಬಂದಿಲ್ಲ ಅಂತ ಗೈಡ್ ಆಗಷ್ಟೇ ಹೇಳಿದ್ದ.

"ಈ ನೀರೇ ಅಕ್ಕ, ಜನವರಿಯಲ್ಲೂ ತೊರೆ ನಿಲ್ಲಲ್ಲ" ಅಂದ.

"ಇದು ನೇತ್ರಾವತಿಗೆ ಹೋಗ್ತದಾ?" ಅಂತ ಕೇಳಿದೆ.

"ಇಲ್ಲ, ಇದು ಭದ್ರೆಗೆ. ನಿಮ್ದು ಆ ಕಡೆ."

ಕೇಳಿ ಒಂಥರಾ ಆಯಿತು. ನಾವು ನಡೆಯುತ್ತಿದ್ದ ಗುಡ್ಡದ ಈ ಬದಿಗೆ ಬಿದ್ದ ಮಳೆ ಭದ್ರಾ, ತುಂಗಭದ್ರಾ, ಕೃಷ್ಣಾ ಅಂತ ಊರೂರು ತಿರುಗಿ ಬಂಗಾಳ ಕೊಲ್ಲಿ ಸೇರುತ್ತದೆ. ಗೋಡೆಯ ಆಚೆ ಬದಿಗೆ ಬಿದ್ದದ್ದು ನೇತ್ರಾವತಿ ಕಡೆಗೆ ಇಳಿಯುತ್ತದೆ, ತುಂಬೆ ಡ್ಯಾಮಿನಿಂದ ಮಂಗಳೂರಿನ ನಲ್ಲಿಗೆ ಬರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ತುಂಬೆಯಲ್ಲಿ ನೀರು ಎಷ್ಟಿದೆ ಅಂತ ಪೇಪರಿನಲ್ಲಿ ಓದಿ ಬಕೆಟು ತುಂಬಿಸಿಡುವವರು ನಾವು. ಆ ಹುಲ್ಲು, ಆ ಪಾಚಿ ಎಷ್ಟು ಹಿಡಿದಿಟ್ಟುಕೊಂಡಿದೆ ಅನ್ನುವುದನ್ನು ಯಾವ ಪೇಪರಿನಲ್ಲೂ ಹಾಕುವುದಿಲ್ಲ.

ಕೊನೆಯ ಏರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಉಸಿರು ಇರಲಿಲ್ಲ, ನೆನಪೂ ಇಲ್ಲ. ತುದಿಗೆ ಸ್ವಲ್ಪ ಕೆಳಗೆ ಹಳೆ ಕಲ್ಲಿನ ಗೋಡೆಗಳು ಉಳಿದಿವೆ. ಚರ್ಚು ಅಂತ ಗೈಡ್ ಹೇಳಿದ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಅಧಿಕಾರಿಗಳು ಸೆಖೆ ತಡೆಯಲಾಗದೆ ಈ ಬೆಟ್ಟಕ್ಕೆ ಬಂದು ಇರುತ್ತಿದ್ದರು. ಕುದುರೆ ಹತ್ತುವಂಥ ದಾರಿಯೂ ಇತ್ತು. ಚಾರಣದವರು ಬೆಳ್ತಂಗಡಿ ಕಡೆಯ ನಾವೂರಿನಿಂದಲೂ ಹತ್ತುತ್ತಿದ್ದ ಕಾಲ ಒಂದಿತ್ತು. ದೊರೆಗಳಿಗೆ ಎದುರು ಬಾಗಿಲು, ನಮಗೆ ಹಿತ್ತಿಲು!

ತುದಿಯಲ್ಲಿ ನಿಂತಾಗ ಪಶ್ಚಿಮಕ್ಕೆ ಬರೀ ಬಿಳಿ. ಕಾಲ ಬುಡದಲ್ಲೇ ನೆಲ ಮುಗಿದು ಮಂಜು ಶುರು. ಬನ್ಸ್ ತಿಂದು ಕಾದೆವು. ಅಷ್ಟರಲ್ಲಿ ತಂಗಿ ಮಗನ ಫೋನಿಗೆ ಟಿಂಗ್ ಟಿಂಗ್ ಅಂತ ಮೆಸೇಜು ಬೀಳತೊಡಗಿದವು. ಕೆಳಗೆ ಮುಳ್ಳೋಡಿಯಲ್ಲಿ ಇಲ್ಲದ ನೆಟ್‌ವರ್ಕ್ ಇಲ್ಲಿ ಬಂದಿತ್ತು, ನಮ್ಮ ಕಡೆಯಿಂದಲೇ ಇರಬೇಕು. ಅಮ್ಮನಿಗೆ ಫೋನ್ ಮಾಡಿದೆ. "ಓಲುಲ್ಲ?" ಅಂದರು. ಬೆಟ್ಟದ ತುದಿಯಲ್ಲಿದ್ದೇನೆ ಅಂದೆ. "ಅಲ್ಲಿ ಬಿಸಿಲುಂಟಾ? ಇಲ್ಲಿ ಬಟ್ಟೆ ಒಣಗ್ತಾ ಇಲ್ಲ."

ಮಾತಾಡುತ್ತಿರುವಾಗಲೇ ಗಾಳಿ ತಿರುಗಿತು. ಮಂಜು ಮೊದಲು ಎಡಗಡೆ ಹರಿಯಿತು, ಆಮೇಲೆ ಪೂರ್ತಿ. ಸಾವಿರ ಮೀಟರಿಗೂ ಜಾಸ್ತಿ ಕೆಳಗೆ ದಕ್ಷಿಣ ಕನ್ನಡ. ಟಿಪ್ಪು ಕೋಟೆ ಕಟ್ಟಿಸಿದ ಗಡಾಯಿಕಲ್ಲು, ಕೆಳಗಿನಿಂದ ನೋಡಿದರೆ ಕತ್ತು ನೋಯುವಷ್ಟು ಎತ್ತರದ ಆ ಬಂಡೆ, ಇಲ್ಲಿಂದ ತೋಟಗಳ ನಡುವೆ ಯಾರೋ ಮರೆತು ಬಿಟ್ಟುಹೋದ ಕಲ್ಲು. ಅದರಾಚೆ ಅಡಿಕೆ ತೋಟಗಳ ಕಡು ಹಸಿರು, ರಬ್ಬರಿನ ತಿಳಿ ಹಸಿರು, ಅಲ್ಲಲ್ಲಿ ಕೆಂಪು ಮಣ್ಣು ಅಗೆದ ಗಾಯ. ಎಲ್ಲಕ್ಕಿಂತ ಆಚೆ, ಆಕಾಶವೋ ಸಮುದ್ರವೋ ಗೊತ್ತಾಗದ ಒಂದು ಹೊಳಪು. ನಮ್ಮ ಮನೆ ಎಲ್ಲಿ ಬರುತ್ತದೆ ಅಂತ ಹುಡುಗ ಫೋನಿನ ಮ್ಯಾಪು ತಿರುಗಿಸಿ ತಿರುಗಿಸಿ ನೋಡಿದ. ನನಗೆ ಬೆರಳು ತೋರಿಸಿದರೆ ಸಾಕಿತ್ತು. ಪೈಪು ಇಳಿದದ್ದೂ ಆ ಕಡೆಗೇ, ನೀರು ಇಳಿಯುವುದೂ ಆ ಕಡೆಗೇ.

ಹತ್ತು ನಿಮಿಷವೂ ಇರಲಿಲ್ಲ, ಮತ್ತೆ ಮುಚ್ಚಿತು. ಗೈಡ್ ಎದ್ದ.

ಇಳಿಯುವಾಗ ಕಾಟಿಯ (ಕಾಡುಕೋಣದ) ಹಸಿ ಸಗಣಿ ಸಿಕ್ಕಿತು, ಕಾಟಿ ಸಿಗಲಿಲ್ಲ. ಅದೂ ಒಳ್ಳೆಯದೇ. ಐವತ್ತರ ಹತ್ತಿರದವರು ಹೋಗುವುದಾದರೆ ಒಂದು ಮಾತು: ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಕೈಗೊಂದು ಕೋಲು ಇರಲಿ. ಒದ್ದೆ ಹುಲ್ಲಿನ ಮೇಲೆ ಯಾವ ಕಂಪನಿಯ ಶೂ ಆದರೂ ಜಾರುತ್ತದೆ. ತಂಗಿ ಮಗನ ಪ್ಯಾಂಟಿನ ಹಿಂಬದಿ ಅದಕ್ಕೆ ಸಾಕ್ಷಿ.

ಮನೆಗೆ ಬಂದಾಗ ಅಪ್ಪ ಟಿವಿ ಆರಿಸಿ ಕೂತರು. ಶೋಲಾ, ಮಂಜು, ಸಮುದ್ರ ಅಂತ ನಾವಿಬ್ಬರೂ ಒಬ್ಬರ ಮೇಲೊಬ್ಬರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ.

"ಲಕ್ಯ ಡ್ಯಾಮ್ ಕಂಡಿತಾ?"

"ಇಲ್ಲಪ್ಪ. ನಾವು ನೋಡಿದ್ದು ಈ ಕಡೆ."

"ಅಷ್ಟು ದೂರ ಹೋಗಿ ಡ್ಯಾಮ್ ನೋಡದೆ ಬಂದಿಯಾ!"

ಕರೆಂಟ್ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಘಾಟಿ ಎಳೆದರು, ಪೈಪು ಎಳೆದರು, ಪಣಂಬೂರು ಬರೆದರು. ಎಲ್ಲಿ ತಿರುವು, ಎಲ್ಲಿ ಇಳಿಜಾರು ಅಂತ ಮೊಮ್ಮಗನಿಗೆ ವಿವರಿಸಲು ಶುರು ಮಾಡಿದರು. ಮುಂದಿನ ಸಲ ತಾನೂ ಬರುತ್ತಾರಂತೆ, ಮುಳ್ಳೋಡಿವರೆಗೆ ಜೀಪಿನಲ್ಲಿ. ಮೇಲೆ ಹತ್ತುವುದು ನಿಮ್ಮ ಕರ್ಮ ಅಂದರು.