ಒಂದು ಗೇಟಿಗೆ ನಾಲ್ಕು ಜನ

ಕಾರ್ಖಾನೆ ಬಂದರೆ ಸುತ್ತಮುತ್ತ ಸೇವಾ ಕೆಲಸಗಳು ಹುಟ್ಟುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಎಂದು ಕೇಳಿದರೆ ತಡವರಿಸುತ್ತಾರೆ. ಒಳಗಿರುವ ಕಾರ್ಮಿಕರನ್ನಷ್ಟೇ ಎಣಿಸಿದರೆ ಲೆಕ್ಕ ಹತ್ತುವುದಿಲ್ಲ. ಮಾಲು ಎಷ್ಟು ದೂರ ಹೋಗುತ್ತದೆ, ಯಂತ್ರ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ನೋಡಬೇಕು.

ದಿನಕ್ಕೆ 40 ಟನ್ ಮಾಲು, ಲಾರಿಗೆ 10 ಟನ್ ಎಂದಿಟ್ಟುಕೊಳ್ಳಿ. ದಿನಕ್ಕೆ 4 ಲೋಡು. ಲಾರಿ ಹೋಗಿ, ಇಳಿಸಿ, ವಾಪಸ್ ಬರಲು 5 ದಿನ ಹಿಡಿದರೆ 20 ಲಾರಿ, ಕನಿಷ್ಠ 20 ಡ್ರೈವರ್‌ಗಳು ಬೇಕು. ಅದೇ ಮಾಲು ಒಂದೇ ದಿನದ ದಾರಿಯಲ್ಲಿ ಖರ್ಚಾದರೆ 4 ಲಾರಿ ಸಾಕು. ಟೈರು, ಪಂಕ್ಚರ್, ಬುಕಿಂಗ್ ಆಫೀಸಿನ ಕೆಲಸವೂ ಅದೇ ಪ್ರಮಾಣದಲ್ಲಿ ಏರಿಳಿಯುತ್ತದೆ.

ಮೂರು ಪಾಳಿಯಲ್ಲಿ ನಡೆಯುವ ಕಾರ್ಖಾನೆಯ ಒಂದು ಗೇಟಿನ ಕಾವಲಿಗೆ ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ 6 ಪಾಳಿ ಮಾಡಿದರೆ ಮೂರೂವರೆ ಜನ. ರಜೆ ಸೇರಿಸಿದರೆ 4. ಒಂದೇ ಪಾಳಿಯಲ್ಲಿ ಕೆಲಸ ಮುಗಿಸುವ ಕಾರ್ಖಾನೆಗೂ ರಾತ್ರಿ ಕಾವಲು ತಪ್ಪದು, ಆದರೆ ಕ್ಯಾಂಟೀನು ಮತ್ತು ಬಸ್ಸಿನ ಜನ ಕಡಿಮೆಯಾಗುತ್ತಾರೆ. ಗೇಜು, ಮೀಟರುಗಳ ಅಳತೆ ಸರಿಯಿದೆಯೇ ಎಂದು ನೋಡುವ ಕ್ಯಾಲಿಬ್ರೇಶನ್ ಲ್ಯಾಬಿನ ಕತೆ ಬೇರೆ: ಒಂದೇ ಕಾರ್ಖಾನೆಯ ಕೆಲಸ ನಂಬಿ ಯಾರೂ ಲ್ಯಾಬ್ ತೆರೆಯುವುದಿಲ್ಲ, ಹತ್ತಾರು ಘಟಕಗಳು ಒಂದೆಡೆ ಸೇರಬೇಕು.

ಇನ್ನು ಸಂಬಳದ ದಾರಿ. 100 ರೂಪಾಯಿ ಸಂಬಳದಲ್ಲಿ 40 ಸ್ಥಳೀಯ ಸೇವೆಗಳಿಗೆ ಹೋಗಿ, ಅದರಲ್ಲಿ ಅರ್ಧ ಮತ್ತೆ ಸಂಬಳವಾಯಿತು ಎನ್ನಿ. ಆ 20ರಲ್ಲಿ 8 ಮತ್ತೆ ಖರ್ಚಾಗುತ್ತದೆ, ಆಮೇಲೆ 1.6. ಎಲ್ಲ ಕೂಡಿದರೆ 50ಕ್ಕೆ ನಿಂತುಬಿಡುತ್ತದೆ. ಹಣ ಊರಲ್ಲಿ ಸುತ್ತುತ್ತಲೇ ಇರುತ್ತದೆ ಎನ್ನುವವರು ಪ್ರತಿ ಸುತ್ತಿನಲ್ಲೂ ಆಚೆ ಹೋಗುವ ಈ ಸೋರಿಕೆಯನ್ನು ಮರೆಯುತ್ತಾರೆ. ಅಮೆರಿಕದ ನಗರಗಳ ಅಂಕಿ ಹಿಡಿದು ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ 2010ರಲ್ಲಿ ಕಂಡದ್ದು, ತಯಾರಿಕೆಯ ಒಂದು ಹೊಸ ಕೆಲಸಕ್ಕೆ ಅದೇ ನಗರದಲ್ಲಿ 1.6 ಸ್ಥಳೀಯ ಕೆಲಸ. ಇದನ್ನು ಎಲ್ಲೆಡೆಗೂ ಹಾಗೇ ಅಂಟಿಸಬಾರದು.

ಹೆಚ್ಚು ಎಡವಟ್ಟಾಗುವುದು ಹೆಸರು ಬದಲಾವಣೆಯಲ್ಲಿ. ಕಾರ್ಖಾನೆ ತನ್ನದೇ 30 ಕಾವಲು, ಸ್ವಚ್ಛತಾ ಸಿಬ್ಬಂದಿಯನ್ನು ಗುತ್ತಿಗೆ ಕಂಪನಿಗೆ ವಹಿಸಿದ ದಿನ ಅಂಕಿಅಂಶದಲ್ಲಿ ತಯಾರಿಕೆಯ 30 ಕೆಲಸ ಹೋಗಿ ಸೇವೆಯಲ್ಲಿ 30 ಬಂದಿರುತ್ತವೆ. ಪೊರಕೆ ಹಿಡಿದ ಕೈ ಅದೇ! ಆದ್ದರಿಂದ ಎಣಿಸುವ ಮುನ್ನ ಗುತ್ತಿಗೆ ಕರಾರಿನ ತಾರೀಕು ನೋಡಿ, ಅದಕ್ಕೂ ಮೊದಲು ಆ ಕೆಲಸ ಯಾರ ಹಾಜರಿ ಪುಸ್ತಕದಲ್ಲಿತ್ತು ಎಂದು ಕೇಳಿ.

ಆರ್ಡರು ಇಳಿದಾಗ ಮೊದಲು ನಿಲ್ಲುವುದು ಲಾರಿ, ಆಮೇಲೆ ಓವರ್‌ಟೈಮು, ಅದರ ಹಿಂದೆಯೇ ಮೆಸ್ಸು. ಗೇಟಿನ ನಾಲ್ವರು ಕೊನೆಯವರೆಗೂ ಉಳಿಯುತ್ತಾರೆ.