‘ಹದಿನೈದು ಸಾವಿರಕ್ಕೆ ಒಂದು ಒಳ್ಳೆ ಮನೆ ನೋಡು’ ಅನ್ನುವವರಿಗೆ

ಮೊನ್ನೆ ಅರಸೀಕೆರೆಯಲ್ಲಿ ಒಂದು ಮದುವೆ. ಎಲೆ ಮುಂದೆ ಕೂತಿದ್ದೆ. ಕೋಸಂಬರಿ ಬೀಳುವ ಹೊತ್ತಿಗೆ ಪಕ್ಕದಲ್ಲಿದ್ದ ಚಿಕ್ಕಪ್ಪ ಶುರು ಮಾಡಿದರು. “ನಮ್ ಹುಡುಗಂಗೆ ಬೆಂಗಳೂರಲ್ಲಿ ಕೆಲ್ಸ ಸಿಕ್ತು ಕಣಮ್ಮಾ. ನಿಮ್ ಕಡೆ ಹದಿನೈದು ಸಾವಿರಕ್ಕೆ ಒಂದು ಸಣ್ಣ ಮನೆ ಸಿಗುತ್ತಾ ನೋಡು. ಜಾಸ್ತಿ ಏನೂ ಬೇಡ. ಗಾಳಿ ಬೆಳಕು ಇರ್ಲಿ, ಕಾವೇರಿ ನೀರು ಇರ್ಲಿ, ಮೆಟ್ರೋ ಹತ್ರ ಇರ್ಲಿ, ಬೈಕ್ ನಿಲ್ಸೋಕೆ ಜಾಗ ಇರ್ಲಿ, ಅಷ್ಟೆ.” ಪಾಯಸ ಬರುವಷ್ಟರಲ್ಲಿ ಪೂರ್ವದ ಬಾಗಿಲೂ ಸೇರಿತ್ತು.

ನಾನು ಬೆಂಗಳೂರಿಗೆ ಬಂದು ಹನ್ನೊಂದು ವರ್ಷ. ಇದು ಐದನೇ ಬಾಡಿಗೆ ಮನೆ. ಹಾಗಾಗಿ ನೆಂಟರ ಲೆಕ್ಕದಲ್ಲಿ ನಾನು ಬಿಟ್ಟಿ ಬ್ರೋಕರ್. ತಿಂಗಳಿಗೆ ಇಬ್ಬರಾದರೂ ಇದೇ ಪ್ರಶ್ನೆ ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಇದನ್ನೇ ಕಳಿಸುತ್ತೇನೆ.

ಉತ್ತರ: ಸಿಗುತ್ತದೆ. ಗಾಳಿ ಇದ್ದರೆ ನೀರಿಲ್ಲ, ನೀರಿದ್ದರೆ ಮೂರನೇ ಮಹಡಿ, ಎರಡೂ ಇದ್ದರೆ ಓನರ್ ಕೆಳಗಡೆಯೇ ಇರುತ್ತಾರೆ.

ನನಗೆ ಸಿಟ್ಟು ಬರುವುದು ಆ ‘ಜಾಸ್ತಿ ಏನೂ ಬೇಡ’ಕ್ಕೆ. ಶ್ರೀನಗರದಲ್ಲೋ ಗಿರಿನಗರದಲ್ಲೋ ಮನೆಗಳು ಖಾಲಿ ಬಿದ್ದಿವೆ, ನಾನೇ ಸೋಮಾರಿತನಕ್ಕೆ ಅವರಿಗೆ ತಿಳಿಸದೆ ಕೂತಿದ್ದೇನೆ ಅನ್ನುವ ಧಾಟಿ ಅದು. ಮನೆ ಹುಡುಕುವುದು ಕಾಲಿನ ಕೆಲಸ. ಆ್ಯಪ್‌ನಲ್ಲಿ ಫೋಟೋ ನೋಡಿ ಫೋನ್ ಮಾಡಿದರೆ “ಅದು ಈಗ್ತಾನೆ ಹೋಯ್ತು ಮೇಡಂ, ಅದೇ ತರದ್ದು ಇನ್ನೊಂದಿದೆ” ಅನ್ನುತ್ತಾರೆ. ಭಾನುವಾರ ಬೆಳಿಗ್ಗೆ ಗಲ್ಲಿ ಗಲ್ಲಿ ಸುತ್ತಿ ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡ್ ನೋಡಬೇಕು. ಸಿಕ್ಕಿದ ಕಡೆ ಇಂಟರ್ವ್ಯೂ ಕೊಡಬೇಕು. “ಎಷ್ಟು ಜನ? ನಾನ್‌ವೆಜ್ ಮಾಡ್ತೀರಾ? ಒಬ್ರೇನಾ? ಮದ್ವೆ ಯಾವಾಗ?” ಕೊನೆಗೆ ದನಿ ತಗ್ಗಿಸಿ, “ನೀವು ಯಾವ ಪೈಕಿ?” ಕೆಲಸಕ್ಕೆ ಸೇರುವಾಗಲೂ ನನ್ನನ್ನು ಇಷ್ಟು ಕೇಳಿರಲಿಲ್ಲ.

ಆಷಾಢದಲ್ಲಿ ಹುಡುಕಿ. ಆ ತಿಂಗಳು ಯಾರೂ ಮನೆ ಬದಲಾಯಿಸುವುದಿಲ್ಲ, ಚೌಕಾಸಿ ಮಾಡಲು ಒಳ್ಳೆ ಸಮಯ. ನೀರಿನ ವಿಷಯ ಓನರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ಸಲ ಬಂತು, ದುಡ್ಡು ಯಾರು ಕೊಟ್ಟರು ಅಂತ. ಓನರ್ ಬಾಯಲ್ಲಿ ಇಪ್ಪತ್ನಾಲ್ಕು ಗಂಟೆಯೂ ನೀರೇ.

ಇನ್ನು ಚಿಕ್ಕಪ್ಪನ ಹದಿನೈದು ಸಾವಿರ. ಹತ್ತು ತಿಂಗಳ ಅಡ್ವಾನ್ಸ್ ಅಂದರೆ 1,50,000. ಮೊದಲ ತಿಂಗಳ ಬಾಡಿಗೆ 15,000. ಬ್ರೋಕರ್ ಮೂಲಕ ಹೋದರೆ ಇನ್ನೊಂದು 15,000. ಗ್ಯಾಸ್ ಒಲೆ ಹಚ್ಚುವ ಮೊದಲೇ 1,80,000 ಹೋಯಿತು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಆಮೇಲಿನ ಲೆಕ್ಕ ಯಾರೂ ಹಾಕುವುದಿಲ್ಲ. ಅದೇ ಒಂದೂವರೆ ಲಕ್ಷ ಬ್ಯಾಂಕಿನಲ್ಲಿ 7 ಪರ್ಸೆಂಟಿಗೆ ಇದ್ದಿದ್ದರೆ ವರ್ಷಕ್ಕೆ 10,500, ತಿಂಗಳಿಗೆ 875 ರೂಪಾಯಿ ಬರುತ್ತಿತ್ತು. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಹನ್ನೊಂದೇ ತಿಂಗಳಿಗೆ ಮನೆ ಬಿಟ್ಟರೆ ಅದು ತಿಂಗಳಿಗೆ 1,364. ಬ್ರೋಕರ್ ದುಡ್ಡೂ ಅಷ್ಟೇ. ಬಾಡಿಗೆಯೂ ಸೇರಿ ತಿಂಗಳಿಗೆ ಒಟ್ಟು 18,603. ನೀರು, ಮೇಂಟೆನೆನ್ಸ್ ಅಂತ ಒಂದು ಸಾವಿರ ಸೇರಿಸಿ. ಹದಿನೈದರ ಮನೆ ಇಪ್ಪತ್ತರ ಹತ್ತಿರ ಬಂತು ಅಲ್ವಾ? ಅದೇ ಮನೆಯಲ್ಲಿ ಮೂರು ವರ್ಷ ಇದ್ದರೆ ಪೇಂಟಿಂಗೂ ಬ್ರೋಕರೂ ಸೇರಿ ತಿಂಗಳಿಗೆ 833 ಮಾತ್ರ. ಅಷ್ಟರಲ್ಲಿ ಓನರ್ ವರ್ಷಕ್ಕೆ ಐದು ಪರ್ಸೆಂಟ್ ಏರಿಸಿರುತ್ತಾರೆ, ಅದು ಬೇರೆ ಮಾತು.

(ಅಗ್ರಿಮೆಂಟ್ ಯಾಕೆ ಹನ್ನೊಂದು ತಿಂಗಳು ಅಂತಲೂ ಕೇಳುತ್ತಾರೆ. ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಆ ಖರ್ಚು, ಓಡಾಟ ಯಾರಿಗೂ ಬೇಡ. ಅಷ್ಟೆ.)

‘ಬಾಡಿಗೆ ಎಷ್ಟು’ ಅಂತ ಎಲ್ಲರೂ ಕೇಳುತ್ತಾರೆ. ‘ಬಿಡುವಾಗ ಎಷ್ಟು ವಾಪಸ್ ಬಂತು’ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಲಿ ಅಂತ ಕಾಯುತ್ತಾ ಇದ್ದೇನೆ. ಕೇಳದಿದ್ದರೂ ಹೇಳುತ್ತೇನೆ.

ಹಿಂದಿನ ಮನೆಗೆ ಬಾಡಿಗೆ 12,000, ಅಡ್ವಾನ್ಸ್ 1,20,000. ಮೂರು ವರ್ಷ ಇದ್ದೆ. ಒಂದು ತಿಂಗಳೂ ಐದನೇ ತಾರೀಕು ದಾಟಿಸಲಿಲ್ಲ. ಓನರ್ ಒಳ್ಳೆಯವರೇ. ಯುಗಾದಿಗೆ ಒಬ್ಬಟ್ಟು ಕೊಡುತ್ತಿದ್ದರು. ಬೀಗ ಕೊಡುವ ದಿನ ಟಾರ್ಚ್ ಹಿಡಿದುಕೊಂಡು ಬಂದರು. ಹಗಲು ಹನ್ನೊಂದು ಗಂಟೆಗೆ ಟಾರ್ಚ್! ಗೋಡೆ ಗೋಡೆ ನೋಡಿ ಏಳು ಮೊಳೆ ಎಣಿಸಿದರು. ನಾಲ್ಕು ನಾನು ಬರುವ ಮೊದಲೇ ಇದ್ದವು. ಅದರಲ್ಲೊಂದಕ್ಕೆ ಅವರ ಹಳೆ ಕ್ಯಾಲೆಂಡರಿನ ದಾರ ಇನ್ನೂ ನೇತಾಡುತ್ತಿತ್ತು. ತೋರಿಸಿದೆ. “ಇರ್ಲಿ ಬಿಡಮ್ಮಾ” ಅಂದು ಏಳೇ ಬರೆದುಕೊಂಡರು.

ಪೇಂಟಿಂಗ್ 12,000. ಅದು ಅಗ್ರಿಮೆಂಟಿನಲ್ಲೇ ಇತ್ತು, ಜಗಳವಿಲ್ಲ. ಮೊಳೆ, ನಲ್ಲಿ, ಕ್ಲೀನಿಂಗ್ ಅಂತ 8,000. ಉಳಿದದ್ದು ಒಂದು ಲಕ್ಷ. “ಹೊಸಬ್ರು ಅಡ್ವಾನ್ಸ್ ಕೊಟ್ಟ ತಕ್ಷಣ ಹಾಕ್ಬಿಡ್ತೀನಿ” ಅಂದರು. ಆಗ ಅರ್ಥವಾಯಿತು. ನನ್ನ ದುಡ್ಡು ಎಲ್ಲೂ ಇರಲಿಲ್ಲ. ಅದು ಎರಡು ವರ್ಷದ ಹಿಂದೆಯೇ ಅವರ ಮಗಳ ಮದುವೆಯಲ್ಲಿ ಉಂಡು ಎದ್ದಿತ್ತು. ಆ ಮದುವೆಗೆ ನಾನೂ ಹೋಗಿದ್ದೆ, ಐನೂರು ರೂಪಾಯಿ ಮುಯ್ಯಿ ಬೇರೆ ಮಾಡಿದ್ದೆ.

ಕಾನೂನು ಮಾತಾಡಿ ನೋಡಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತಗೋಬಾರದು ಅಂತಿದೆ. ಆದರೆ ಅದು ಬರೀ ಮಾದರಿ. ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡರೆ ಮಾತ್ರ ನಡೆಯುತ್ತದೆ. ಓನರ್ ಪೂರ್ತಿ ಕೇಳಿಸಿಕೊಂಡು, “ಹಂಗಾದ್ರೆ ಆ ಮಾದರಿ ಮನೆಗೇ ಹೋಗ್ಬೋದಿತ್ತಲ್ಲಮ್ಮಾ” ಅಂದರು. ನಗು ಬಂತು, ತಡೆದುಕೊಂಡೆ.

ಮೊದಲು 50,000 ಬಂತು. ಎರಡು ತಿಂಗಳಾದ ಮೇಲೆ 38,000. ಅಷ್ಟರಲ್ಲಿ ಹೊಸ ಮನೆಗೆ ಅಡ್ವಾನ್ಸ್ ಕೊಡಲು ಬಳೆ ಅಡವಿಟ್ಟಿದ್ದೆ. ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಒಳಗೆ ಹೋಗುವ ದಿನವೇ ಪ್ರತಿ ಗೋಡೆಯ ವಿಡಿಯೋ ತೆಗೆದು ಓನರಿಗೇ ವಾಟ್ಸಾಪ್ ಮಾಡಿಬಿಡು, ಮೊಳೆ ಎಣಿಸಿಕೋ ಅಂದೆ. ಪೂರ್ತಿ ಕೇಳಿಸಿಕೊಂಡ. “ಸರಿ ಅಕ್ಕಾ. ಹದಿನಾಲ್ಕಕ್ಕೆ ಯಾವ್ದಾದ್ರೂ ಇದ್ರೆ ಹೇಳಿ” ಅಂದ.

ಇನ್ನೂ 12,000 ಬರಬೇಕು. ಹಳೆ ಓನರಿಂದ ದಿನಾ ಬೆಳಿಗ್ಗೆ ಆರೂವರೆಗೆ ಗುಲಾಬಿ ಹೂವಿನ ಶುಭೋದಯ ಬರುತ್ತದೆ. ಬ್ಲಾಕ್ ಮಾಡು ಅಂತ ಗೆಳತಿ ಹೇಳುತ್ತಾಳೆ. ಹೇಗೆ ಮಾಡಲಿ, ಹನ್ನೆರಡು ಸಾವಿರ ಇದೆಯಲ್ಲ. ನಾನೂ ದಿನಾ ಕೈಮುಗಿಯುವ ಇಮೋಜಿ ಹಾಕುತ್ತೇನೆ.