ಮಾಣಿಕನ ಜಾಹೀರಾತು, ಎರಡನೇ ಸಲ ಬರೆದದ್ದು

ಹೋದ ವರ್ಷ ಜನವರಿ ಕೊನೆಗೆ ನಮ್ಮ ಗಂಡುಗುದುರೆ ಮಾಣಿಕನ ಬಗ್ಗೆ ವಾಟ್ಸಾಪಿನಲ್ಲಿ ಹಾಕಿದ ಜಾಹೀರಾತು ಇದು: "ಅಸಲಿ ಮಾರವಾಡಿ. 65 ಇಂಚು. ಪಂಚಕಲ್ಯಾಣಿ, ದೇವಮಣಿ ಸುಳಿ ಐತಿ. ಮೆರವಣಿಗೆ ರಾಜಾ. ಹೆಣ್ಣುಗುದುರಿ ತಂದ್ರ ಹಾರಿಸಿಕೊಡ್ತೀವಿ." ಮಾರವಾಡಿ ಎಂದರೆ ರಾಜಸ್ಥಾನದ ಕುದುರೆ ತಳಿ. ಪಂಚಕಲ್ಯಾಣಿ ಎಂದರೆ ನಾಲ್ಕೂ ಕಾಲು, ಮುಖ ಬಿಳಿ ಇರುವುದು. ದೇವಮಣಿ ಎಂದರೆ ಗಂಟಲ ಬಳಿಯ ಕೂದಲ ಸುಳಿ, ಶುಭವೆಂದು ನಂಬಿಕೆ. ಜೊತೆಗೊಂದು ಫೋಟೋ. ಮದುವೆ ಮೆರವಣಿಗೆಯಲ್ಲಿ, ಬ್ಯಾಂಡಿನವರ ನಡುವೆ, ಹಿಂಗಾಲ ಮೇಲೆ ನಿಂತು ಮುಂಗಾಲು ಎತ್ತಿದ ಮಾಣಿಕ. ಎರಡೇ ದಿನದಲ್ಲಿ ಸಿಂಧನೂರು, ಮಾನ್ವಿ, ಸಿರುಗುಪ್ಪ, ಗಂಗಾವತಿ ಎಲ್ಲ ಕಡೆಯಿಂದ ಫೋನು ಬಂದವು. ನಾಲ್ಕು ಹೆಣ್ಣುಗುದುರೆ ಕಾರಟಗಿಯ ನಮ್ಮ ತೋಟಕ್ಕೆ ಬಂದವು. ಅವುಗಳಲ್ಲಿ ಮೂರಕ್ಕೆ ಗಬ್ಬ ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎಂಬುದನ್ನು ಬರೆಯುವುದು ನನ್ನ ಮೇಲಿರುವ ಸಾಲ. ಈ ಸಲ ಜಾಹೀರಾತನ್ನು ಬೇರೆ ರೀತಿ ಬರೆದದ್ದೂ ಅದಕ್ಕೇ.

ಜನವರಿ ಮಧ್ಯದಲ್ಲಿ ಮಾಣಿಕ ಕಾಲುವೆ ದಂಡೆಯಲ್ಲಿ ಮೇಯುವಾಗ ಬಳ್ಳಾರಿ ಜಾಲಿಯ ಮುಳ್ಳು ಮುಂಗಾಲಿಗೆ ನಾಟಿತ್ತು. ಮುಳ್ಳು ಒಳಗೇ ಮುರಿದು ಕಾಲು ಬಾತುಕೊಂಡಿತು. ಮೂರು ದಿನ ಜ್ವರ, 104 ಡಿಗ್ರಿ. ಕುದುರೆಯ ಮೈಬಿಸಿ ಸಾಮಾನ್ಯವಾಗಿ 99ರಿಂದ 101ರ ಒಳಗಿರುತ್ತದೆ. ಡಾಕ್ಟರು ಕೀವು ತೆಗೆದು ಇಂಜೆಕ್ಷನ್ ಕೊಟ್ಟರು, ವಾರದಲ್ಲಿ ಕುಂಟುವುದು ನಿಂತಿತು. ಮತ್ತೆ ಹುರುಳಿ ತಿನ್ನತೊಡಗಿದ, ಹೆಣ್ಣುಗುದುರೆಯ ವಾಸನೆಗೆ ಕೆನೆಯತೊಡಗಿದ. ವಾಸಿಯಾಯ್ತು ಅಂದುಕೊಂಡು ನಾನು ಜಾಹೀರಾತು ಹಾಕಿದೆ.

ಫೆಬ್ರುವರಿಯಲ್ಲಿ ನಾಲ್ಕೂ ಕುದುರೆಗಳಿಗೆ ಚೆನ್ನಾಗಿಯೇ ಹಾರಿದ. ಮಾರ್ಚ್ ಮೊದಲ ವಾರ ಒಂದೊಂದೇ ಫೋನು ಬಂದವು. ಸರಿಯಾಗಿ 21 ದಿನಕ್ಕೆ ಮೂರೂ ಮತ್ತೆ ಬೆದೆಗೆ ಬಂದಿದ್ದವು. ಬೀದರಿನಲ್ಲಿ ಓದಿ ಬಂದ ನಮ್ಮ ದನದ ಡಾಕ್ಟರು ಸಣ್ಣ ವಯಸ್ಸಿನವರು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಅವತ್ತು ಜ್ವರ ಬಂದು ಎಷ್ಟು ದಿನಾತ್ರಿ?" ಗಂಡುಗುದುರೆಯ ಮೈಯಲ್ಲಿ ಬೀಜ ತಯಾರಾಗಲು ಸುಮಾರು 57 ದಿನ ಬೇಕಂತೆ. ಇವತ್ತಿನ ಜ್ವರ ಕೆಡಿಸುವುದು ಇವತ್ತಿನ ಬೀಜವನ್ನಷ್ಟೇ ಅಲ್ಲ, ಇನ್ನೂ ತಯಾರಾಗುತ್ತಿರುವುದನ್ನೂ ಕೆಡಿಸುತ್ತದೆ. ಹೊರಗಿಂದ ನೋಡಿದರೆ ಕುದುರೆ ಹುಲಿಯ ಹಾಗಿರುತ್ತದೆ, ಒಳಗೆ ಇನ್ನೂ ಚೇತರಿಸಿಕೊಂಡಿರುವುದಿಲ್ಲ. ಅವರು ವೀರ್ಯವನ್ನು ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಜಾತ್ರೆಯ ಜನದಂತೆ ಓಡಾಡಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಮಿಸುಕುತ್ತಿದ್ದವು. ಆ ಕನ್ನಡಿಯಿಂದ ಕಣ್ಣು ತೆಗೆದು ನನಗೆ ಡಾಕ್ಟರ ಮುಖ ನೋಡಲಾಗಲಿಲ್ಲ.

ಮೂವರ ದುಡ್ಡನ್ನೂ ಅದೇ ವಾರ ವಾಪಸ್ ಕೊಟ್ಟೆ. ಆದರೆ ಹಾರಿಸಿದ ದುಡ್ಡಿಗಿಂತ ಗಾಡಿ ಬಾಡಿಗೆ ಹೆಚ್ಚಾಗಿರುತ್ತದೆ, ಎಲ್ಲಕ್ಕಿಂತ ಹೆಚ್ಚು ಹೋಗುವುದು ಕಾಲ. ಕುದುರೆಯ ಗಬ್ಬ ಹನ್ನೊಂದು ತಿಂಗಳು, ಹತ್ತಿರ ಹತ್ತಿರ 340 ದಿನ. ಒಂದು ಬೆದೆ ತಪ್ಪಿದರೆ ಮೂರು ವಾರ ಹೋಯಿತು, ಮೂರು ಬೆದೆ ತಪ್ಪಿದರೆ ಬೇಸಿಗೆಯೇ ಹೋಯಿತು. ಸಿರುಗುಪ್ಪದ ಮಾಲೀಕರು ನಮ್ಮಪ್ಪನ ವಯಸ್ಸಿನವರು. ನನ್ನನ್ನು ಬೈಯಲಿಲ್ಲ. "ತಮ್ಮಾ, ನಿನ್ನ ಕುದುರಿ ಮದಿವ್ಯಾಗ ಕುಣೀತೈತಿ ಅಂತ ಬರದಿ. ನಾ ಅದನ್ನ ಕೇಳಿದ್ನೇನು? ಗಬ್ಬ ನಿಲ್ಲತೈತೋ ಇಲ್ಲೋ, ಅಷ್ಟ ಬೇಕಾಗಿತ್ತು ನನಗ" ಅಂದರು. ಆ ಮಾತು ಮುಳ್ಳಿಗಿಂತ ಆಳಕ್ಕೆ ಹೋಯಿತು.

ನಮ್ಮ ಕಡೆ ಕುದುರೆ ವ್ಯಾಪಾರ ಎಂದರೆ ಮೊದಲಿಂದಲೂ ನಂಬಿಕೆಯ ಮಾತು. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ಹಿಡಿದು ತರುವವರ ಸಾಲನ್ನು ನಾನು ಚಿಕ್ಕಂದಿನಿಂದ ನೋಡುತ್ತ ಬಂದವನು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದು ಉಳಿದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಿ ಸಮುದ್ರದಲ್ಲಿ ಸತ್ತ ಕುದುರೆಗೂ ದುಡ್ಡು ಸಿಗುತ್ತಿತ್ತಂತೆ, ಬಾಲವೊಂದನ್ನು ತಂದು ತೋರಿಸಿದರೆ ಸಾಕಿತ್ತಂತೆ. ಅಷ್ಟು ನಂಬಿ ಕೊಂಡ ನಾಡಿನಲ್ಲಿ ನಿಂತು ನಾನು 62 ಇಂಚಿನ ಕುದುರೆಯನ್ನು 65 ಎಂದು ಬರೆದಿದ್ದೆ.

ಎತ್ತರದ ಮಾತು ಬಂತಲ್ಲ, ಆ ಮೂರು ಇಂಚು ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ. ನಾನು ದರ್ಜಿಯ ಟೇಪು ಹಿಡಿದು ಗೊರಸಿನಿಂದ ಹೆಗಲ ದಿಬ್ಬದವರೆಗೆ ಮೈಗೆ ಅಂಟಿಸಿ ಅಳೆದಿದ್ದೆ. ಟೇಪು ಭುಜದ ಉಬ್ಬನ್ನೂ ಹತ್ತಿ ಇಳಿಯುತ್ತದೆ, ಇಂಚು ಏರುತ್ತದೆ. ಈ ಸಲ ಮನೆ ಕಟ್ಟುವ ಮೇಸ್ತ್ರಿಯಿಂದ ರಸಮಟ್ಟ ತಂದೆ. ಸಿಮೆಂಟ್ ನೆಲದ ಮೇಲೆ ಮಾಣಿಕನನ್ನು ನಾಲ್ಕೂ ಕಾಲು ಸಮನಾಗಿ ನಿಲ್ಲಿಸಿ, ನೆಟ್ಟಗಿನ ಕೋಲು ಹಿಡಿದು, ಹೆಗಲ ಮೇಲೆ ಅಡ್ಡಪಟ್ಟಿ ಇಟ್ಟು ಗುಳ್ಳೆ ನಡುವೆ ಬರುವವರೆಗೆ ಕಾದೆ. 62 ಇಂಚು, ಒಂದು ನೂಲು ಹೆಚ್ಚಿಲ್ಲ. ನನ್ನ ಮಗಳು ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ ಎಳೆದಳು. ಆ ಗೆರೆಯ ಫೋಟೋವನ್ನೂ ಹಾಕಿದ್ದೇನೆ.

ಈಗಿನ ಜಾಹೀರಾತು ಹೀಗಿದೆ:

"ಗಂಡುಗುದುರೆ ಮಾಣಿಕ. ವಯಸ್ಸು ಎಂಟು. ಕೋಲಿನಲ್ಲಿ ಅಳೆದ ಎತ್ತರ 62 ಇಂಚು. ಮಾರವಾಡಿ ಲಕ್ಷಣ, ಕಿವಿಯ ತುದಿ ಕೂಡುತ್ತವೆ. ತಳಿ ಸಂಘದ ಪಾಸ್‌ಪೋರ್ಟ್ ಇಲ್ಲ. ಸಾರಂಗಖೇಡ ಜಾತ್ರೆಯಲ್ಲಿ ಕೊಂಡದ್ದು, ತಂದೆ ತಾಯಿ ಗೊತ್ತಿಲ್ಲ. ಇದುವರೆಗೆ ಐದು ಮರಿ. ಎರಡಕ್ಕೆ ಹಿಂಗಾಲಿನ ಮೊಣಕಾಲು ಸ್ವಲ್ಪ ಒಳಕ್ಕೆ ತಿರುಗಿದೆ, ಇವನದೂ ಹಾಗೇ ಇದೆ. ಕಚ್ಚುವುದಿಲ್ಲ. ಕಳೆದ ಮೂರು ತಿಂಗಳಲ್ಲಿ ಜ್ವರವಿಲ್ಲ, ಈ ತಿಂಗಳು ವೀರ್ಯ ನೋಡಿಸಿದೆ. ಗ್ಲಾಂಡರ್ಸ್ ಪರೀಕ್ಷೆ ಆಗಿದೆ. ನಿಮ್ಮ ಕುದುರೆಗೂ ಆಗಿರಬೇಕು. ದರ 8,000. ಮರಿ ಎದ್ದು ನಿಂತು ಹಾಲು ಕುಡಿಯದಿದ್ದರೆ ಮುಂದಿನ ಬೆದೆಗೆ ದುಡ್ಡಿಲ್ಲದೆ ಹಾರಿಸುತ್ತೇವೆ. ಪಂಚಕಲ್ಯಾಣಿ, ದೇವಮಣಿ ಇದೆ."

ಸುಳಿಯನ್ನು ಕೊನೆಗೆ ಇಟ್ಟಿದ್ದೇನೆ, ತೆಗೆದಿಲ್ಲ. ಕೊಳ್ಳುವವರು ಮೊದಲು ಕೈಯಾಡಿಸುವುದೇ ಸುಳಿಯ ಮೇಲೆ, ಅದು ನನಗೂ ಗೊತ್ತು, ಆ ನಂಬಿಕೆಗೆ ಗೌರವವೂ ಇದೆ. ಆದರೆ ಮರಿ ನಡೆಯುವುದು ಕಾಲ ಮೇಲೆ. ಆ ಮೊಣಕಾಲಿನ ಸಾಲು ಬರೆಯಬೇಡವೆಂದು ಗೆಳೆಯರು ಬಹಳ ಹೇಳಿದರು. ಈಗಾಗಲೇ ಹಿಂಗಾಲು ಒಳಕ್ಕೆ ತಿರುಗಿದ ಹೆಣ್ಣುಗುದುರೆಗೆ ಇವನನ್ನು ಹಾರಿಸಿದರೆ ಹುಟ್ಟುವ ಮರಿಯ ಪಾಡೇನು? ಅಂಥವರು ಬೇರೆ ಗಂಡುಗುದುರೆ ನೋಡಲಿ, ನನಗೆ ಸಂತೋಷವೇ.

ಗ್ಲಾಂಡರ್ಸ್ ಬಗ್ಗೆ ಕೆಲವರಿಗೆ ಸಿಟ್ಟು ಬರುತ್ತದೆ, ನಮ್ಮ ಕುದುರೆಗೆ ರೋಗ ಅಂತೀರಾ ಎಂದು. ಅದು ಮನುಷ್ಯರಿಗೂ ಹರಡುವ ರೋಗ. ರಕ್ತವನ್ನು ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಕಳಿಸಿ ನೋಡಿಸುತ್ತಾರೆ, ಇದೆ ಎಂದು ಖಾತ್ರಿಯಾದರೆ ಕುದುರೆಯನ್ನು ಉಳಿಸುವಂತಿಲ್ಲ. ನನ್ನ ಮಗಳು ಮಾಣಿಕನ ಮೂತಿಗೆ ಮುಖ ಒರಗಿಸಿ ನಿಲ್ಲುತ್ತಾಳೆ. ಇದರಲ್ಲಿ ಮುಲಾಜು ನೋಡಲಾರೆ.

ತರುವವರಿಗೆ ಫೋನಿನಲ್ಲಿ ಇನ್ನಷ್ಟು ಹೇಳುತ್ತೇನೆ. ಹಿಂಗಾಲಿನ ಲಾಳ ಬಿಚ್ಚಿಸಿ ತನ್ನಿ. ಬೆದೆ ಶುರುವಾದ ದಿನ ಬರೆದಿಟ್ಟುಕೊಳ್ಳಿ. ಬೆದೆ ಐದರಿಂದ ಏಳು ದಿನ ಇರುತ್ತದೆ, ತತ್ತಿ ಬಿಡುವುದು ಕೊನೆಯ ಒಂದೆರಡು ದಿನದಲ್ಲಿ. ಅದಕ್ಕೇ ಮೊದಲ ದಿನವೇ ಹಾರಿಸಿ ಗಾಡಿ ಹತ್ತಿಸಿದರೆ ಉಪಯೋಗವಿಲ್ಲ, ದಿನ ಬಿಟ್ಟು ದಿನ ಹಾರಿಸಬೇಕು. ಬಂದ ಕೂಡಲೇ ಎರಡನ್ನೂ ಹತ್ತಿರ ಬಿಡುವುದಿಲ್ಲ. ನಡುವೆ ಎದೆಮಟ್ಟದ ಗಟ್ಟಿ ಮರದ ಅಡ್ಡೆ ಇದೆ, ಅದರಾಚೆಯಿಂದ ಮಾಣಿಕ ಮೂಸುತ್ತಾನೆ. ಹೆಣ್ಣು ಕಿವಿ ಹಿಂದಕ್ಕೆ ಮಡಚಿ ಚೀರಿ ಒದ್ದರೆ ಅವತ್ತಿಗೆ ಬೇಡ. ಬಾಲ ಪಕ್ಕಕ್ಕೆ ಸರಿಸಿ, ಹಿಂಗಾಲು ಅಗಲಿಸಿ, ಸ್ವಲ್ಪ ಸ್ವಲ್ಪ ಉಚ್ಚೆ ಬಿಟ್ಟು ನಿಂತರೆ ಬಾಲಕ್ಕೆ ಬಟ್ಟೆ ಸುತ್ತಿ, ತೊಳೆದು, ಆಮೇಲೆ ಅಡ್ಡೆ ತೆಗೆಯುತ್ತೇವೆ. ಹದಿನೈದನೇ ದಿನಕ್ಕೆ ಸ್ಕ್ಯಾನಿಂಗ್ ಮಾಡಿಸಿ ಎಂದು ಕೈಮುಗಿದು ಕೇಳುತ್ತೇನೆ. ಅವಳಿ ಇದ್ದರೆ ಆಗಲೇ ಗೊತ್ತಾಗಬೇಕು, ಕುದುರೆಗೆ ಅವಳಿ ಉಳಿಯುವುದು ಬಹಳ ಕಷ್ಟ.

ಈ ಜಾಹೀರಾತು ನೋಡಿ ಮೊದಲು ಬಂದವರು ಕನಕಗಿರಿ ಕಡೆಯ ಕುರಿಗಾರ ಅಜ್ಜ. ಅವರ ಹೆಣ್ಣು ಚಿಕ್ಕ ತಟ್ಟು, ಕುರಿಮರಿ, ಕಂಬಳಿ, ಪಾತ್ರೆ ಹೊರುವಂಥದ್ದು, ಮಾಣಿಕನ ಎದೆಗೂ ಬರುವುದಿಲ್ಲ. "ದೊಡ್ಡ ಮರಿ ಹುಟ್ಟಲೆಪ್ಪಾ" ಅಂದರು. ನಾನು ಚಹಾ ಕೊಟ್ಟು ಕೂರಿಸಿ ಹೇಳಿದೆ, "ಅಜ್ಜಾ, ಇವನ ಭಾರಕ್ಕ ನಿಮ್ಮ ತಟ್ಟಿನ ನಡ ಮುರೀತೈತಿ. ಎತ್ತರದ ಮರಿಗೆ ಹುರುಳಿ ಎಲ್ಲಿಂದ ತರ್ತೀರಿ? ನಿಮ್ದು ಬರೇ ಹುಲ್ಲು ತಿಂದು ದಿನಾ ಹತ್ತು ಮೈಲಿ ನಡೀತೈತಿ." ಮಹಾರಾಷ್ಟ್ರದ ಕುರಿಗಾರರಾದ ಧನಗರರ ಇಂಥದೇ ಚಿಕ್ಕ ಕುದುರೆಗೆ ಭೀಮಥಡಿ ಎಂದು ಪ್ರತ್ಯೇಕ ತಳಿಯ ಮಾನ್ಯತೆ ಸಿಕ್ಕಿದೆ, ನಿಮ್ಮದೂ ಬೆಲೆಯುಳ್ಳ ಜೀವ, ಅದರ ಜೋಡಿಯದೇ ಗಂಡು ಹುಡುಕಿ ಎಂದೆ. ಅಜ್ಜ ಬಹಳ ಹೊತ್ತು ತಟ್ಟಿನ ಕುತ್ತಿಗೆ ಸವರುತ್ತ ಕೂತಿದ್ದರು.

ಫೋನು ಈ ಸಲ ಕಡಿಮೆ ಬರುತ್ತಿವೆ, ಬಂದವರು ಹೆಚ್ಚು ಹೊತ್ತು ಮಾತಾಡುತ್ತಾರೆ. ಸಿರುಗುಪ್ಪದವರು ಹೋದ ಏಪ್ರಿಲ್ 10ಕ್ಕೆ ತಮ್ಮ ಕುದುರೆಯನ್ನು ನನ್ನಲ್ಲಿಗೇ ಮತ್ತೆ ತಂದಿದ್ದರು, ಈ ಸಲ ನಿಂತಿದೆ. ಮಾರ್ಚ್ ಮಧ್ಯಕ್ಕೆ ದಿನ ತುಂಬುತ್ತದೆ. ಕೆಚ್ಚಲು ಇಳಿದಿದೆ, ಮೊಲೆ ತುದಿಯಲ್ಲಿ ಮೇಣ ಕಾಣಿಸಿಕೊಂಡ ರಾತ್ರಿಯೇ ಫೋನು ಮಾಡುತ್ತೇನೆ ಅಂದಿದ್ದಾರೆ. ಬೈಕಿಗೆ ಪೆಟ್ರೋಲ್ ಹಾಕಿಸಿ ಇಟ್ಟಿದ್ದೇನೆ.